ಜುಲು ಮಾತಿನ ‘ಟೊಕ್’ಗೆ ಕಾಗುಣಿತ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನ ಜಿಲ್ಲೆಯವನು, ಗಣಿತ ಮೇಷ್ಟ್ರು, ವಯಸ್ಸು 43. ಒಂದೂವರೆ ವರ್ಷದಿಂದ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್ ಹತ್ತಿರದ ಒಂದು ಹೈಸ್ಕೂಲಿನಲ್ಲಿದ್ದೇನೆ. ಪಾಠ ಇಂಗ್ಲಿಷಿನಲ್ಲಿ, ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ಹಾಜರಿ ಕೂಗುವಾಗ. ನನ್ನ ಕ್ಲಾಸಿನಲ್ಲಿ ನ್ಕೊಬಿಲೆ, ಕ್ಸೊಲಾನಿ, ಕಿನಿಸೊ, ನೊಮ್ಸೆಬೊ, ಗ್ಸಿನಿಲೆ ಅಂತ ಮಕ್ಕಳಿದ್ದಾರೆ. ಇವು ಇಲ್ಲಿನ ಜುಲು ಭಾಷೆಯ ಹೆಸರುಗಳು. ಇವುಗಳೊಳಗೆ ನಾಲಿಗೆಯಿಂದ ‘ಟೊಕ್’ ಅನ್ನುವ ಸದ್ದು ಬರಬೇಕಂತೆ. ಕನ್ನಡಿ ಮುಂದೆ ಒಬ್ಬನೇ ನಿಂತರೆ ಸದ್ದು ಬರುತ್ತದೆ. ಹೆಸರಿನೊಳಗೆ ಮಾತ್ರ ಬರುವುದೇ ಇಲ್ಲ. 7 ವರ್ಷದ ಮಗಳು ಎರಡೇ ತಿಂಗಳಲ್ಲಿ ಕಲಿತುಬಿಟ್ಟಳು. ಸಹೋದ್ಯೋಗಿಯೊಬ್ಬರು ‘ಅದು ಹುಟ್ಟಿನಿಂದ ಬರಬೇಕು, ಅವರ ನಾಲಿಗೆಯೇ ಬೇರೆ’ ಅನ್ನುತ್ತಾರೆ. ಊರಿನ ಸ್ನೇಹಿತರು ‘ನಾಲಿಗೆ ಕೆಳಗಿನ ನರ ಬಿಗಿ ಇರಬೇಕು, ಚಿಕ್ಕ ಆಪರೇಷನ್ ಮಾಡಿಸು’ ಅನ್ನುತ್ತಾರೆ. ಅಭ್ಯಾಸ ಜಾಸ್ತಿ ಮಾಡಿದ ದಿನ ದವಡೆ ನೋಯುತ್ತದೆ. ಸುಮ್ನೆ ‘ಕ’ ಅಂದು ಮುಗಿಸಲಾ? ಕೆಲವರಿಗೆ ಇಂಗ್ಲಿಷ್ ಹೆಸರೂ ಇದೆ, ಅದರಲ್ಲೇ ಕರೆಯಲಾ? ಮೊನ್ನೆ ನ್ಕೊಬಿಲೆ ‘ಪರವಾಗಿಲ್ಲ ಸರ್, ಹೇಗೆ ಕರೆದರೂ ನಡೆಯುತ್ತೆ’ ಅಂದಳು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಒಂದು ಸಾಲು. ‘ಒಬ್ಬನೇ ನಿಂತರೆ ಸದ್ದು ಬರುತ್ತದೆ, ಹೆಸರಿನೊಳಗೆ ಬರುವುದಿಲ್ಲ.’ ನಿಮ್ಮ ತೊಂದರೆ ಏನು, ಅದಕ್ಕೆ ದಾರಿ ಎಲ್ಲಿ ಅನ್ನುವುದು ಎರಡೂ ಇದರಲ್ಲೇ ಇವೆ. ಸದ್ದು ನಿಮ್ಮ ಹತ್ತಿರ ಆಗಲೇ ಇದೆ. ಅದಕ್ಕೆ ಸ್ವರ ಅಂಟಿಸುವುದು ಬಾಕಿ. ನಾವು ಒಂದನೇ ಕ್ಲಾಸಿನಲ್ಲಿ ಕ, ಕಾ, ಕಿ, ಕೀ ಅಂತ ಕಾಗುಣಿತ ಕಲಿತೆವಲ್ಲ, ಈ ‘ಟೊಕ್’ಗೂ ಅದೇ ಆಗಬೇಕು.

ನಾನು ಸ್ಪೀಚ್ ಥೆರಪಿಸ್ಟ್. ಆರು ವರ್ಷ ಡರ್ಬನ್‌ನಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿಗೆ ಹೋದಾಗ ನನಗೂ ಹೀಗೇ ಆಗಿತ್ತು. ಪಕ್ಕದ ಮನೆಯ ಗೊಗೊ, ಅಂದರೆ ಜುಲುವಿನಲ್ಲಿ ಅಜ್ಜಿ, ದಿನಾ ಸಂಜೆ ಹತ್ತು ನಿಮಿಷ ಕೂರಿಸಿಕೊಂಡು ಕಲಿಸಿದರು. ಆಮೇಲೆ ಅಲ್ಲಿಗೆ ಬಂದ ಎಷ್ಟೋ ಭಾರತೀಯರಿಗೆ ನಾನು ಕಲಿಸಿದೆ. ಕನ್ನಡದವರು, ತಮಿಳರು, ಮಲಯಾಳಿಗಳು ಎಲ್ಲರೂ ಮುಗ್ಗರಿಸುತ್ತಿದ್ದದ್ದು ಹೆಚ್ಚುಕಮ್ಮಿ ನೀವು ಮುಗ್ಗರಿಸುವ ಜಾಗದಲ್ಲೇ.

ಮೊದಲು ಆಪರೇಷನ್ ಮಾತು. ಅದು ನಿಮ್ಮ ಮೈಗೆ ಸಂಬಂಧಿಸಿದ್ದು. ದಯವಿಟ್ಟು ಮಾಡಿಸಬೇಡಿ. ನಾಲಿಗೆಯ ಕೆಳಗೆ ದಾರದಂಥ ಒಂದು ತೆಳು ಪೊರೆ ಇರುತ್ತದೆ. ಕೆಲವರಿಗೆ ಅದು ಗಿಡ್ಡ ಇರುತ್ತದೆ, ನಿಜ. ನಿಮಗೆ ಹಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ದಾರಿ ಇದೆ. ‘ಹಳ್ಳ, ಅಣ್ಣ, ಕಟ್ಟಡ, ಬಾಳೆಹಣ್ಣು’ ಅಂತ ಜೋರಾಗಿ ಹೇಳಿ. ಳ, ಣ, ಟ, ಡ ಹೇಳುವಾಗ ನಾಲಿಗೆಯ ತುದಿ ಮೇಲೆದ್ದು ಹಿಂದಕ್ಕೆ ಮಡಚಿ ಅಂಗುಳವನ್ನು ಮುಟ್ಟಬೇಕು. ಜುಲುವಿನ ಈ ‘ಟೊಕ್’ ಥರದ ಸದ್ದುಗಳಿಗೆ, ಅಂದರೆ ಕ್ಲಿಕ್‌ಗಳಿಗೆ, ನಾಲಿಗೆ ಅಷ್ಟು ಮಡಚುವುದೇ ಬೇಕಿಲ್ಲ. ಸ್ಪಷ್ಟವಾಗಿ ‘ಳ’ ಹೇಳುವ ನಾಲಿಗೆಗೆ ಆ ಪೊರೆ ಅಡ್ಡಿಯಾಗಿಲ್ಲ. ಇನ್ನು ಕತ್ತರಿಸಿದರೆ ರಕ್ತ ಸೋರಬಹುದು, ಕೀವಾಗಬಹುದು, ಗಾಯ ಮಾಗಿದ ಜಾಗ ಗಟ್ಟಿಯಾಗಿ ನಾಲಿಗೆ ಮೊದಲಿಗಿಂತ ಬಿಗಿಯೂ ಆಗಬಹುದು. ಇಷ್ಟೆಲ್ಲ ಆದಮೇಲೂ ಕತ್ತರಿ ಯಾವ ಅಕ್ಷರವನ್ನೂ ಕಲಿಸುವುದಿಲ್ಲ.

‘ಅವರ ನಾಲಿಗೆಯೇ ಬೇರೆ’ ಅನ್ನುವ ಮಾತೂ ಅಷ್ಟೇ, ನಿಜವಲ್ಲ. ಮನುಷ್ಯರ ಬಾಯಿ ಎಲ್ಲ ಕಡೆಯೂ ಒಂದೇ. ಜಾನಿ ಕ್ಲೆಗ್ ಅನ್ನುವ ಗಾಯಕ 1953ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಜುಲು ಕೆಲಸಗಾರರ ಜೊತೆ ಕೂತು ಭಾಷೆ ಕಲಿತರು, ಕೊನೆಯವರೆಗೂ ಆ ಭಾಷೆಯಲ್ಲಿ ಹಾಡಿದರು. ಜುಲು ಮಕ್ಕಳೂ ಈ ಸದ್ದುಗಳನ್ನು ಹೊತ್ತುಕೊಂಡು ಹುಟ್ಟುವುದಿಲ್ಲ. ಮಾತು ಕಲಿಯುವಾಗ ಅವರೂ ಕ್ಲಿಕ್ ಇರುವ ಕಡೆ ‘ಕ’, ‘ತ’ ಹಾಕಿಕೊಂಡು ಓಡಾಡುತ್ತಾರೆ.

ಇನ್ನು ನಮ್ಮ ಬಾಯಲ್ಲಿ ಈ ಸದ್ದು ಇಲ್ಲವೇ? ದಿನಾ ಇದೆ. ಯಾರದ್ದಾದರೂ ಕಷ್ಟ ಕೇಳಿದಾಗ ‘ಅಯ್ಯೋ ಪಾಪ’ ಅನ್ನುವ ಮೊದಲು ನಾವು ಲೊಚಗುಟ್ಟುತ್ತೇವೆ. ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದರೆ ಅಜ್ಜಿಯಂದಿರು ‘ಕೃಷ್ಣ ಕೃಷ್ಣ’ ಅಂತಾರಲ್ಲ, ಆ ಸದ್ದು. ‘ಊಟ ಆಯ್ತಾ?’ ಅಂದರೆ ಗಲ್ಲ ಸ್ವಲ್ಪ ಮೇಲೆತ್ತಿ ‘ತ್ಚ್’ ಅಂತ ಒಂದೇ ಸದ್ದಿನಲ್ಲಿ ‘ಇಲ್ಲ’ ಹೇಳುವವರು ನಿಮ್ಮ ಊರಲ್ಲೂ ಇದ್ದಾರೆ, ಅಲ್ವಾ? ಜಟಕಾ ಓಡಿಸುವವರು ಕೆನ್ನೆಯ ಒಂದು ಬದಿಯಿಂದ ಕುದುರೆಗೆ ಹೇಳುವ ಸದ್ದು ಇದೆ. ಮಕ್ಕಳು ಕುದುರೆ ಗೊರಸಿನ ‘ಟೊಕ್ ಟೊಕ್’ ಆಡುತ್ತಾರೆ. ಈ ಮೂರೇ ಸದ್ದು ಜುಲುವಿನ ಮೂರು ಕ್ಲಿಕ್‌ಗಳು. ನಮಗೆ ಅವು ಬರೀ ಸದ್ದು, ಅವರಿಗೆ ಅಕ್ಷರ. ವ್ಯತ್ಯಾಸ ಇಷ್ಟೇ.

ವಯಸ್ಸಿನ ಚಿಂತೆಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ಅದರಲ್ಲಿ ಅರ್ಧ ಸತ್ಯ ಇದೆ. ಪರಭಾಷೆಯ ಹಲವು ಧ್ವನಿಗಳು ದೊಡ್ಡವರ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಜಪಾನಿಗಳಿಗೆ ಇಂಗ್ಲಿಷಿನ ರ ಮತ್ತು ಲ ಬೇರೆ ಮಾಡುವುದು ಕಷ್ಟ. ಆದರೆ ಕ್ಲಿಕ್‌ಗಳ ಕಥೆ ಹಾಗಲ್ಲ. 1988ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ, ಜುಲು ಕೇಳಿಯೇ ಇರದ ಅಮೆರಿಕದ ದೊಡ್ಡವರಿಗೂ ಪುಟ್ಟ ಕೂಸುಗಳಿಗೂ ಜುಲು ಕ್ಲಿಕ್‌ಗಳನ್ನು ಕೇಳಿಸಿದರು. ದೊಡ್ಡವರೂ ಅವುಗಳನ್ನು ಚೆನ್ನಾಗಿಯೇ ಬೇರೆ ಬೇರೆ ಗುರುತಿಸಿದರು. ಅವರ ಕಿವಿ ಅದನ್ನು ಮಾತು ಅಂತ ತೆಗೆದುಕೊಳ್ಳಲಿಲ್ಲ, ಬಾಗಿಲು ಬಡಿದ ಹಾಗೆ, ಬಿರಡೆ ಕಿತ್ತ ಹಾಗೆ ಒಂದು ಸದ್ದು ಅಂತ ಕೇಳಿತು. ಅಂದರೆ ನಿಮ್ಮ ಕಿವಿಗೆ ವಯಸ್ಸಾಗಿಲ್ಲ. ಆದರೆ ಮಿದುಳು ಆ ಸದ್ದನ್ನು ‘ಮಾತಲ್ಲದ್ದು’ ಅನ್ನುವ ಪೆಟ್ಟಿಗೆಯಲ್ಲಿ ಇಟ್ಟಿದೆ. ಅದಕ್ಕೇ ಕನ್ನಡಿ ಮುಂದೆ ಬರುವ ಸದ್ದು ಹೆಸರಿನೊಳಗೆ ಬರುವುದಿಲ್ಲ. ನಿಮ್ಮ ಮಗಳಿಗೆ ಆ ಪೆಟ್ಟಿಗೆ ಇನ್ನೂ ಗಟ್ಟಿಯಾಗಿ ಮುಚ್ಚಿಲ್ಲ. ಅದೂ ಅಲ್ಲದೆ ಅವಳು ಆಟದ ಬಯಲಲ್ಲಿ ದಿನಕ್ಕೆ ನೂರು ಸಲ ಹೇಳುತ್ತಾಳೆ, ನೀವು ಹಾಜರಿ ಹೊತ್ತಿಗೆ ಐದು ಸಲ ಹೇಳುತ್ತೀರಿ.

ಇನ್ನೊಂದು ವಿಷಯ. ಕ್ಲಿಕ್‌ಗಳು ಜುಲುವಿಗೆ ಹುಟ್ಟಿನಿಂದ ಬಂದವೇ ಅಲ್ಲ. ಜುಲು ಬಾಂಟು ಕುಟುಂಬದ ಭಾಷೆ. ಅದರ ದೂರದ ನೆಂಟ ಸ್ವಾಹಿಲಿಯಲ್ಲಿ ಕ್ಲಿಕ್ ಇಲ್ಲ. ದಕ್ಷಿಣಕ್ಕೆ ಬಂದ ಜನ ಅಲ್ಲಿ ಮೊದಲೇ ಇದ್ದ ಖೊಯ್, ಸಾನ್ ಜನರ ಜೊತೆ ಬಾಳಿದರು, ಮದುವೆ ಸಂಬಂಧ ಬೆಳೆಸಿದರು. ಈ ಸದ್ದುಗಳು ಅವರಿಂದ ಬಂದವು. ಬಂದ ಮೇಲೆ ಹರಡಿದ್ದು ಹೇಗೆ ಅನ್ನುವುದಕ್ಕೆ ವಿದ್ವಾಂಸರು ಹ್ಲೊನಿಫಾ ಅನ್ನುವ ಪದ್ಧತಿಯನ್ನು ತೋರಿಸುತ್ತಾರೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಉತ್ತರ ಕರ್ನಾಟಕದಲ್ಲಿ ಒಡಪು ಕಟ್ಟಿ ಹೇಳುತ್ತಿದ್ದರು ಅಲ್ವಾ? ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಸೊಸೆ ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಅಕ್ಷರ ಬರುವ ಬೇರೆ ಪದಗಳನ್ನೂ ಹಾಗೇ ಹೇಳುವಂತಿರಲಿಲ್ಲ. ಆ ಅಕ್ಷರದ ಜಾಗಕ್ಕೆ ಬೇರೆ ಧ್ವನಿ ಹಾಕಬೇಕಿತ್ತು. ಹಾಗೆ ಹಾಕಲು ಕ್ಲಿಕ್ ಒದಗಿ ಬಂತು ಅನ್ನುವುದು ವಿವರಣೆ. ಇದು ಸರಿಯಾದರೆ, ಕ್ಲಿಕ್‌ಗಳನ್ನು ಈ ಭಾಷೆಯಲ್ಲಿ ಬೆಳೆಸಿದವರು ತೊಟ್ಟಿಲ ಕೂಸುಗಳಲ್ಲ, ಬೆಳೆದ ಹೆಂಗಸರು. 43 ವರ್ಷಕ್ಕೆ ತಡವಾಯಿತು ಅಂತ ಯಾರಾದರೂ ಅಂದರೆ ನನಗೆ ಈ ಸೊಸೆಯಂದಿರು ನೆನಪಾಗುತ್ತಾರೆ.

ಈಗ ಬಾಯಿಯೊಳಗೆ ಹೋಗೋಣ. ನಾಲಿಗೆ ಮತ್ತು ಅಂಗುಳದ ನಡುವೆ ಒಂದು ಪುಟ್ಟ ಕೋಣೆ ಇದೆ ಅಂದುಕೊಳ್ಳಿ. ಅದಕ್ಕೆ ಎರಡು ಬಾಗಿಲು. ಹಿಂಬಾಗಿಲು ‘ಕ’ ಹೇಳುವ ಜಾಗದಲ್ಲಿ, ನಾಲಿಗೆಯ ಬುಡ ಮೇಲೆದ್ದು ಮುಚ್ಚುತ್ತದೆ. ಮುಂಬಾಗಿಲನ್ನು ನಾಲಿಗೆಯ ತುದಿ ಮುಚ್ಚುತ್ತದೆ. ಎರಡೂ ಮುಚ್ಚಿದ ಮೇಲೆ ನಾಲಿಗೆಯ ನಡುಭಾಗವನ್ನು ಕೆಳಗೆ ಎಳೆಯಬೇಕು. ಮಾವಿನ ವಾಟೆ ಚೀಪುವಾಗ ಎಳೆಯುತ್ತೇವಲ್ಲ, ಹಾಗೆ. ಕೋಣೆ ದೊಡ್ಡದಾಗುತ್ತದೆ, ಒಳಗಿನ ಗಾಳಿ ತೆಳುವಾಗುತ್ತದೆ. ಆಗ ಮುಂಬಾಗಿಲು ತೆಗೆದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗಿ ಸದ್ದಾಗುತ್ತದೆ. ಇದಕ್ಕೆ ಶ್ವಾಸಕೋಶದ ಗಾಳಿ ಬೇಕೇ ಇಲ್ಲ. ಬೇಕಾದರೆ ಈಗಲೇ ನೋಡಿ, ಮೂಗಿನಲ್ಲಿ ಆರಾಮಾಗಿ ಉಸಿರಾಡುತ್ತಾ ಲೊಚಗುಟ್ಟಿ. ಎರಡೂ ಒಟ್ಟಿಗೆ ನಡೆಯುತ್ತವೆ. ನಾಲಿಗೆ ಒಣಗಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಅಭ್ಯಾಸಕ್ಕೆ ಮೊದಲು ಒಂದು ಗುಟುಕು ನೀರು ಕುಡಿಯಿರಿ.

ನಿಮ್ಮ ದವಡೆ ನೋಯುವುದಕ್ಕೂ ಇಲ್ಲೇ ಕಾರಣ ಇದೆ. ನಾಲಿಗೆ ಮಾಡಬೇಕಾದ ಕೆಲಸವನ್ನು ದವಡೆ ಮತ್ತು ಕೆನ್ನೆ ಮಾಡುತ್ತಿವೆ. ಜೋರಾಗಿ ಸದ್ದು ಬರಲಿ ಅಂತ ಕೆಳದವಡೆಯನ್ನು ಜಗ್ಗುತ್ತಿದ್ದೀರಿ. ಗಲ್ಲಕ್ಕೆ ಒಂದು ಬೆರಳು ಹಿಡಿದು, ದವಡೆ ಅಲ್ಲಾಡದ ಹಾಗೆ ಮೆಲ್ಲಗೆ ಮಾಡಿ. ಸದ್ದು ಸಣ್ಣದಾಗುತ್ತದೆ, ಆಗಲಿ. ಜುಲು ಜನ ಮಾತಾಡುವಾಗ ಕ್ಲಿಕ್‌ಗಳು ನಾವು ಅಂದುಕೊಂಡಷ್ಟು ಜೋರಾಗಿರುವುದಿಲ್ಲ. ದಿನಕ್ಕೆ ಐದೈದು ನಿಮಿಷದಂತೆ ಮೂರು ಸಲ ಸಾಕು. ನೋವು ಬಂದರೆ ಆ ದಿನಕ್ಕೆ ನಿಲ್ಲಿಸಿ. ಅಭ್ಯಾಸ ನಿಲ್ಲಿಸಿದ ಮೇಲೂ ವಾರಗಟ್ಟಲೆ ನೋಯುತ್ತಿದ್ದರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ದಂತವೈದ್ಯರಿಗೆ ತೋರಿಸಿ. ಅದು ಕ್ಲಿಕ್‌ಗೆ ಸಂಬಂಧವಿಲ್ಲದ ಕೀಲಿನ ತೊಂದರೆ ಇರಬಹುದು.

ಮುಂಬಾಗಿಲು ಎಲ್ಲಿದೆ ಅನ್ನುವುದರ ಮೇಲೆ ಕ್ಲಿಕ್ ಯಾವುದು ಅಂತ ತೀರ್ಮಾನ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ‘ತ’ ಜಾಗದಲ್ಲಿ, ಹಲ್ಲಿನ ಹಿಂದೆ ನಾಲಿಗೆ ಇಟ್ಟರೆ ಲೊಚಗುಟ್ಟುವ ಸದ್ದು. ಜುಲು ಬರವಣಿಗೆಯಲ್ಲಿ ಅದಕ್ಕೆ ‘ಸಿ’ ಅಕ್ಷರ. ‘ಟ’ ಜಾಗದ ಹತ್ತಿರ, ಒಸಡಿನ ದಿಣ್ಣೆಯ ಹಿಂದೆ ಇಟ್ಟು ಪಟ್ಟನೆ ಬಿಟ್ಟರೆ ‘ಟೊಕ್’. ಅದು ‘ಕ್ಯೂ’. ‘ಲ’ ಹೇಳುವ ಹಾಗೆ ತುದಿ ಅಂಟಿಸಿಕೊಂಡೇ ಒಂದು ಪಕ್ಕ ಮಾತ್ರ ಬಿಟ್ಟರೆ ಜಟಕಾದವರ ಸದ್ದು. ಅದು ‘ಎಕ್ಸ್’. ಇಂಗ್ಲಿಷಿನವರಿಗೆ ತ–ಟ ವ್ಯತ್ಯಾಸವೇ ಗೊತ್ತಿಲ್ಲ, ಅವರು ಮೊದಲೆರಡನ್ನು ಕಲಸಿಬಿಡುತ್ತಾರೆ. ನಾವು ಅಕ್ಷರಮಾಲೆಯಲ್ಲೇ ಕಲಿತಿದ್ದೇವೆ. 19ನೇ ಶತಮಾನದಲ್ಲಿ ಪಾದ್ರಿಗಳು ಜುಲುವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಬೇರೆ ಕೆಲಸವಿಲ್ಲದ ಈ ಮೂರು ಅಕ್ಷರಗಳನ್ನು ಕ್ಲಿಕ್‌ಗೆ ಕೊಟ್ಟರು. ಅಷ್ಟೇ. ಅಲ್ಲಿ ಕ, ಸ, ಕ್ಸ ಏನೂ ಇಲ್ಲ. ಹಾಗಾಗಿ ನಿಮ್ಮ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಪಕ್ಕ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲಿಂಗ್ ಕಂಡ ಕೂಡಲೇ ಕಣ್ಣು ‘ಕ್ಸೊಲಾನಿ’ ಅಂದುಬಿಡುತ್ತದೆ.

ಬರೆಯುವುದು ಹೇಗೆ? ಧ್ವನಿಶಾಸ್ತ್ರದವರ ಗುರುತುಗಳು ನಮ್ಮ ಶ್ಲೋಕದ ಗೀಟುಗಳ ಥರವೇ ಇವೆ. ಲೊಚಗುಟ್ಟುವುದಕ್ಕೆ ಒಂಟಿ ಗೀಟು ।, ಜಟಕಾ ಸದ್ದಿಗೆ ಜೋಡಿ ಗೀಟು ॥, ಟೊಕ್‌ಗೆ ಆಶ್ಚರ್ಯಸೂಚಕ !. ಹಾಗಾದರೆ ಕ್ಸೊಲಾನಿ ಅನ್ನುವುದು ॥ಓಲಾನಿ. ಕಿನಿಸೊ ಅನ್ನುವುದು !ಇನೀಸೊ. ನೊಮ್ಸೆಬೊ ಅನ್ನುವುದು ನೊಮ್।ಏಬೊ. ಕೊನೆಯಿಂದ ಎರಡನೇ ಸ್ವರವನ್ನು ಸ್ವಲ್ಪ ಎಳೆಯಿರಿ, ಜುಲು ಮಾತಿನ ನಡಿಗೆ ಹಾಗೆ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಹೇಳಬೇಕು. ನಮ್ಮ ಕ ಖ ಗ ಘ ಙ ಸಾಲು ನೆನಪಿಸಿಕೊಳ್ಳಿ. ಒಂದೇ ಜಾಗ, ಐದು ಬಗೆ. ಜುಲುವಿನ ಒಂದೊಂದು ಕ್ಲಿಕ್‌ಗೂ ಐದೈದು ಬಗೆ ಇವೆ. ಸಾದಾ ಒಂದು. ಪಕ್ಕಕ್ಕೆ ‘ಎಚ್’ ಬರೆದರೆ ಮಹಾಪ್ರಾಣ. ಮುಂದೆ ‘ಜಿ’ ಬರೆದರೆ ಗಂಟಲು ಗುಂಯ್‌ಗುಟ್ಟುವಂಥದ್ದು, ಗ–ಘ ಹತ್ತಿರದ್ದು. ಮುಂದೆ ‘ಎನ್’ ಬರೆದರೆ ಅನುನಾಸಿಕ, ನಮ್ಮ ಙ ಇದ್ದ ಹಾಗೆ. ‘ಎನ್-ಜಿ’ ಎರಡೂ ಬರೆದರೆ ಉಸಿರು ಬೆರೆತ ಅನುನಾಸಿಕ. ಮೂರು ಸಾಲು, ಸಾಲಿಗೆ ಐದು, ಒಟ್ಟು 15. ನಮ್ಮ ವರ್ಗೀಯ ವ್ಯಂಜನಗಳ ಥರವೇ ಗೋಡೆಗೆ ಪಟ್ಟಿ ಬರೆದು ಅಂಟಿಸಬಹುದು. ನನ್ನ ಹತ್ತಿರ ಕಲಿತ ಕನ್ನಡದವರಿಗೆ ಈ ಪಟ್ಟಿ ತೋರಿಸಿದ ದಿನವೇ ಅರ್ಧ ಹೆದರಿಕೆ ಹೋಗುತ್ತಿತ್ತು.

ಎಲ್ಲಿಂದ ಶುರು ಮಾಡಬೇಕು? ಹೆಚ್ಚಿನವರು ಸಾದಾ ಕ್ಲಿಕ್‌ನಿಂದ ಶುರು ಮಾಡುತ್ತಾರೆ. ಅದೇ ತಪ್ಪಾಗುವುದು. ಸಾದಾ ಕ್ಲಿಕ್‌ನಲ್ಲಿ ಮುಂಬಾಗಿಲು ತೆರೆದ ಕ್ಷಣಕ್ಕೇ ಹಿಂಬಾಗಿಲೂ ತೆರೆದು ಸ್ವರ ಬರಬೇಕು. ಹೊಸಬರ ಹಿಂಬಾಗಿಲು ತಡವಾಗಿ ತೆರೆಯುತ್ತದೆ. ಅಷ್ಟರಲ್ಲಿ ಅದರ ಹಿಂದೆ ಶ್ವಾಸಕೋಶದ ಗಾಳಿ ತುಂಬಿಕೊಂಡಿರುತ್ತದೆ. ಅದು ನುಗ್ಗಿದಾಗ ‘ಕ’ ಕೇಳಿಸುತ್ತದೆ. ‘ಟೊಕ್’ ಆಯಿತು, ಒಂದು ಸಣ್ಣ ಬಿಡುವು, ಆಮೇಲೆ ‘ಕಾ’. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ನಿಮ್ಮದೂ ಹೀಗೇ ಇರುತ್ತದೆ ಅಂತ ನನಗೆ ಬಹುಮಟ್ಟಿಗೆ ಖಾತ್ರಿ ಇದೆ.

ಅದಕ್ಕೆ ನಾನು ಯಾವಾಗಲೂ ಅನುನಾಸಿಕದಿಂದ ಶುರು ಮಾಡಿಸುತ್ತೇನೆ. ‘ಅಂಗಡಿ’ ಅನ್ನಲು ಹೋಗಿ ‘ಗ’ಕ್ಕೆ ಮೊದಲು ನಿಲ್ಲಿಸಿ. ‘ಅಙ್…’ ಅಂತ ಎಳೆಯುತ್ತಾ ಇರಿ. ನಾಲಿಗೆಯ ಬುಡ ಆಗಲೇ ಮೇಲೆ ಕೂತಿದೆ. ಹಿಂಬಾಗಿಲು ತಾನಾಗಿಯೇ ಮುಚ್ಚಿದೆ. ಮೂಗಿನಲ್ಲಿ ಗುನುಗು ಹೊರಗೆ ಹೋಗುತ್ತಿದೆ. ಆ ಗುನುಗು ನಿಲ್ಲಿಸದೆ ಲೊಚಗುಟ್ಟಿ. ‘ಙ್…।…ಙ್…।…’ ಆಮೇಲೆ ಹಾಗೇ ಬಾಯಿ ಬಿಟ್ಟು ‘ಆ’ ಅನ್ನಿ. ಙ್।ಆ. ಇಲ್ಲಿ ‘ಕ’ ಬರಲು ಸಾಧ್ಯವೇ ಇಲ್ಲ, ಯಾಕೆಂದರೆ ಗಾಳಿ ಒತ್ತಡ ಕಟ್ಟುವ ಮೊದಲೇ ಮೂಗಿನಿಂದ ಹೋಗಿಬಿಡುತ್ತದೆ. ಮೊದಲ ಪದವೂ ಚೆನ್ನಾಗಿದೆ. ಜುಲುವಿನಲ್ಲಿ ‘ಚಿಕ್ಕ’ ಅನ್ನುವುದಕ್ಕೆ ಙ್।ಆನೆ. ಚಿಕ್ಕದು ಅನ್ನುವ ಪದದೊಳಗೆ ನಮ್ಮ ಆನೆ ಕೂತಿದೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ನಮ್ಮ ಗೊಗೊ ನಾನು ಅವಸರ ಮಾಡಿದಾಗಲೆಲ್ಲ ‘ಕಙ್।ಆನೆ, ಕಙ್।ಆನೆ’ ಅನ್ನುತ್ತಿದ್ದರು. ಸ್ವಲ್ಪ ಸ್ವಲ್ಪವೇ, ನಿಧಾನಕ್ಕೆ ಅಂತ ಅರ್ಥ. ಗಾಡಿಗೆ ಇಙ್!ಓಲ. ಯಾರಿಗಾದರೂ ಕಷ್ಟ ಬಂದಾಗ ಸಮಾಧಾನಕ್ಕೆ ಙ್॥ಏಸೆ.

ಇದಾದ ಮೇಲೆ ಮಹಾಪ್ರಾಣ. ಇಲ್ಲಿ ಕ್ಲಿಕ್‌ಗೂ ಸ್ವರಕ್ಕೂ ನಡುವೆ ಉಸಿರಿನ ಜಾಗ ಇದೆ, ಹಾಗಾಗಿ ನಾಲಿಗೆಗೆ ಸ್ವಲ್ಪ ಸಮಯ ಸಿಗುತ್ತದೆ. ಊರಿನಲ್ಲಿ ‘ತ್ಚ್’ ಅಂತ ‘ಇಲ್ಲ’ ಹೇಳುವವರನ್ನು ನೆನೆಯಿರಿ. ಅದಕ್ಕೆ ಒಂದು ‘ಹಾ’ ಅಂಟಿಸಿ. ।ಹಾ. ಜುಲುವಿನಲ್ಲಿ ಅದರ ಅರ್ಥವೂ ‘ಇಲ್ಲ’ ಅಂತಲೇ! ಎರಡು ಭಾಷೆಗೆ ನೆಂಟಸ್ತಿಕೆ ಏನಿಲ್ಲ, ಸುಮ್ನೆ ಹೊಂದಿಕೊಂಡಿದೆ. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಹುಂಜಕ್ಕೆ ಇ!ಹೂದೆ. ಪಕ್ಕದ ಪ್ರಾಂತ್ಯದ ಭಾಷೆಯನ್ನು ನಾವು ‘ಕ್ಸೋಸಾ’ ಅಂತ ಬರೆಯುತ್ತೇವಲ್ಲ, ಅದು ಇಸಿ॥ಹೋಸ.

ಇವೆರಡು ಕೂತ ಮೇಲೆ ಸಾದಾ ಕ್ಲಿಕ್‌ಗೆ ಬನ್ನಿ. ಪದದ ಮೊದಲಿಗೆ ಬೇಡ, ಎರಡು ಸ್ವರದ ನಡುವೆ ಇಡಿ. ‘ಆ’ ಎಳೆಯುತ್ತಾ ನಡುನಡುವೆ ಕ್ಲಿಕ್ ಹಾಕಿ. ಆ।ಆ।ಆ, ಏ।ಏ।ಏ. ಐದು ಸ್ವರ, ಮೂರು ಕ್ಲಿಕ್, ಅದೇ ನಿಮ್ಮ ಕಾಗುಣಿತ. ಇಲ್ಲಿ ‘ಕ’ ಮತ್ತೆ ನುಸುಳುತ್ತದೆ. ನುಸುಳಿದರೆ ಪಿಸುಮಾತಿನಲ್ಲಿ ಹೇಳಿ ನೋಡಿ. ಗಾಳಿಯ ಜೋರು ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ. ಆಮೇಲೆ ಪದಗಳು. ಕಿವಿಯೋಲೆಗೆ ಇ।ಈ।ಇ, ಮೊಟ್ಟೆಗೆ ಇ!ಆಂದ, ಕಪ್ಪೆಗೆ ಇ॥ಓ॥ಒ, ಕ್ಷಮಿಸಿ ಅನ್ನುವುದಕ್ಕೆ ಉ॥ಓಲೊ. ಕಿವಿ ಪರೀಕ್ಷೆಗೆ ಒಂದು ಜೋಡಿ ಕೊಡುತ್ತೇನೆ. ।ಆಶ ಅಂದರೆ ಅಡಗಿಕೊ, !ಆಶ ಅಂದರೆ ಕೆಲಸಕ್ಕೆ ಇಟ್ಟುಕೊ ಅಥವಾ ಬಾಡಿಗೆಗೆ ತೆಗೆದುಕೊ. ಮಗಳು ಹೇಳಲಿ, ನೀವು ಯಾವುದು ಅಂತ ಗುರುತಿಸಿ. ಆಮೇಲೆ ನೀವು ಹೇಳಿ, ಅವಳು ಗುರುತಿಸಲಿ.

‘ಜಿ’ ಬರುವವು ಕೊನೆಗೆ. ಅಲ್ಲಿ ಗಂಟಲೂ ಕೆಲಸ ಮಾಡಬೇಕು, ಸ್ವರದ ಏರು ಸ್ವಲ್ಪ ಕೆಳಗಿಳಿಯಬೇಕು. ನಿಮ್ಮ ಗ್।ಇನೀಲೆಯನ್ನು ಎಲ್ಲರಿಗಿಂತ ಕೊನೆಗೆ ಸರಿಮಾಡಿಕೊಂಡರೂ ಆದೀತು. ಅಲ್ಲಿಯವರೆಗೆ ಸಾದಾ ಕ್ಲಿಕ್ ಹಾಕಿ ಕರೆದರೆ ಆ ಹುಡುಗಿಗೆ ತನ್ನ ಹೆಸರೇ ಅಂತ ಗೊತ್ತಾಗುತ್ತದೆ.

ಎಷ್ಟು ದಿನ? ನಾನು ನೋಡಿದ ಮಟ್ಟಿಗೆ, ದಿನಾ ಮಾಡುವವರಿಗೆ ಅನುನಾಸಿಕಗಳು ಎರಡು ಮೂರು ವಾರದಲ್ಲಿ ಕೂರುತ್ತವೆ. ಸಾದಾ ಕ್ಲಿಕ್‌ಗಳು ಮಾತಿನ ಓಟದಲ್ಲಿ ಬರಲು ಎರಡು ಮೂರು ತಿಂಗಳು ಬೇಕು. ವಿಡಿಯೋಗಳಿಂದ ಕಲಿಯಬಹುದಾ ಅಂದರೆ, ಕೇಳಲು ಚೆನ್ನಾಗಿವೆ. ಆದರೆ ತೆರೆಯ ಮೇಲೆ ತುಟಿ ಕಾಣುತ್ತದೆ, ಹಿಂಬಾಗಿಲು ಕಾಣುವುದಿಲ್ಲ. ‘ಕ’ ನುಸುಳಿದರೆ ಅದು ನಿಮಗೆ ಹೇಳುವುದೂ ಇಲ್ಲ. ತಪ್ಪು ಗಟ್ಟಿಯಾಗಿಬಿಡುವ ಅಪಾಯ ಇದೆ. ವಾರಕ್ಕೆ ಎರಡು ಸಲವಾದರೂ ಒಬ್ಬರು ಮನುಷ್ಯರು ಕೇಳಬೇಕು. ನಿಮ್ಮ ಶಾಲೆಯಲ್ಲಿ ಜುಲು ಪಾಠ ಮಾಡುವ ಮೇಷ್ಟ್ರೋ ಟೀಚರೋ ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ. ‘ದಯವಿಟ್ಟು’ ಅಂತ ಕೇಳುವ ಪದದಲ್ಲೇ ಕ್ಲಿಕ್ ಇದೆ, ಙ್ಗಿ।ಏಲ. ಮಗಳ ಹತ್ತಿರವೂ ಕಲಿಯಿರಿ. ಆದರೆ ಅವಳು ಬೇಜಾರಾಗುವ ಮೊದಲೇ ಬಿಟ್ಟುಬಿಡಿ.

ಇನ್ನು ‘ಕ’ ಅಂದು ಮುಗಿಸಲಾ ಅನ್ನುವ ಪ್ರಶ್ನೆ. ಕಲಿಯುವವರೆಗೆ ನಾಲಿಗೆ ತಪ್ಪಿ ‘ಕ’ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನನಗೆ ಅಲ್ಲಿ ಸಿಕ್ಕ ಜನ ತುಂಬ ತಾಳ್ಮೆಯವರು. ಆದರೆ ಅದನ್ನೇ ಕಾಯಂ ಮಾಡಿಕೊಳ್ಳುವುದು ಬೇರೆ ಮಾತು. ಅರ್ಥವೂ ಕೆಡುತ್ತದೆ. ಪರೀಕ್ಷೆ ಶುರು ಮಾಡಿ ಅಂತ ಕ್ಲಾಸಿಗೆ ಹೇಳಲು !ಆಲಾನಿ ಅನ್ನಬೇಕು. ‘ಕಲಾನಿ’ ಅಂದರೆ ತೂಕ ಮಾಡಿ ಅಂತ ಆಗುತ್ತದೆ. ಅರ್ಥಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಟಾಲ್‌ನ, ಅಂದರೆ ನೀವಿರುವ ಪ್ರಾಂತ್ಯದ, ತೋಟಗಳಲ್ಲಿ, ಜೊಹಾನ್ಸ್‌ಬರ್ಗ್‌ನ ಗಣಿಗಳಲ್ಲಿ ಫನಗಲೊ ಅನ್ನುವ ಒಂದು ಕಲಬೆರಕೆ ಮಾತು ನಡೆಯುತ್ತಿತ್ತು. ಪದಗಳು ಹೆಚ್ಚಿನವು ಜುಲುವಿನವೇ. ಕ್ಲಿಕ್ ಕಷ್ಟ ಅಂತ ಸಾಮಾನ್ಯವಾಗಿ ಅಲ್ಲಿ ‘ಕ’ ಹಾಕಿಬಿಡುತ್ತಿದ್ದರು. ಅದು ಆಳುಗಳಿಗೆ ಹುಕುಂ ಕೊಡುವ ಭಾಷೆಯಾಗಿತ್ತು. 1860ರಿಂದ ಮದ್ರಾಸು, ಕಲ್ಕತ್ತ ಕಡೆಯಿಂದ ಕಬ್ಬಿನ ತೋಟಕ್ಕೆ ಹೋದ ನಮ್ಮ ಜನರಲ್ಲೂ ಬಹಳ ಜನ ಇದನ್ನೇ ಕಲಿತರು. ಆದ್ದರಿಂದ ಭಾರತೀಯರೊಬ್ಬರು ಕ್ಲಿಕ್ ಬಿಟ್ಟು ‘ಕ’ ಹಾಕಿ ಮಾತಾಡಿದರೆ ಹಿರಿಯರ ಕಿವಿಗೆ ಆ ಹಳೆಯ ಕಾಲ ಕೇಳಿಸಬಹುದು. ನಿಮಗೆ ಆ ಉದ್ದೇಶ ಇಲ್ಲ, ನನಗೆ ಗೊತ್ತು. ಆದರೂ ತಿಳಿದಿರಲಿ.

ಇಂಗ್ಲಿಷ್ ಹೆಸರಿನಲ್ಲಿ ಕರೆಯುವುದನ್ನು ನಾನು ಬೇಡವೇ ಬೇಡ ಅನ್ನುತ್ತೇನೆ, ಆ ಮಗುವೇ ಅದನ್ನು ಇಷ್ಟಪಟ್ಟು ಹೇಳಿದ್ದರೆ ಹೊರತು. ಮಂಡೇಲಾ ಅವರ ಹುಟ್ಟಿದ ಹೆಸರು ರೊಲಿಹ್ಲಾಹ್ಲಾ. ಶಾಲೆಯ ಮೊದಲ ದಿನ ಟೀಚರ್ ಅವರಿಗೆ ‘ನೆಲ್ಸನ್’ ಅಂತ ಇಟ್ಟರು. ಆ ಕಾಲದಲ್ಲಿ ಕರಿಯ ಮಕ್ಕಳಿಗೆಲ್ಲ ಹಾಗೆ ಮಾಡುವುದು ರೂಢಿಯಾಗಿತ್ತು. ಆ ದೇಶದಲ್ಲಿ ಮೇಷ್ಟ್ರ ಬಾಯಿಂದ ಬರುವ ಹೆಸರಿಗೆ ಹೀಗೊಂದು ಚರಿತ್ರೆ ಇದೆ. ಇವತ್ತು ಇಸಿಜುಲು, ಅಂದರೆ ಜುಲು ಭಾಷೆ, ಅಲ್ಲಿನ ಅಧಿಕೃತ ಭಾಷೆಗಳಲ್ಲಿ ಒಂದು, 2022ರ ಜನಗಣತಿಯಲ್ಲಿ ಶೇ. 24.4ರಷ್ಟು ಜನರ ಮನೆಮಾತು. ಮನೆಯಲ್ಲಿ ಅಮ್ಮ ಕರೆಯುವ ಹೆಸರೇ ಕ್ಲಾಸಿನಲ್ಲೂ ಕೇಳಿಸಬೇಕು ಅಂತ ಮಕ್ಕಳಿಗೆ ಆಸೆ ಇರುತ್ತದೆ. ‘ಪರವಾಗಿಲ್ಲ ಸರ್’ ಅಂದದ್ದು ಮರ್ಯಾದೆಗೆ. ಅದು ನಿಮಗೂ ಗೊತ್ತಾಗಿದೆ, ಅದಕ್ಕೇ ಈ ಪತ್ರ ಬರೆದಿರಿ.

ಅವಳ ಹೆಸರನ್ನು ಒಮ್ಮೆ ಕನ್ನಡದಲ್ಲಿ ಬರೆದು ನೋಡಿ. ಙ್!ಓಬೀಲೆ. ಶುರುವಾಗುವುದೇ ಅನುನಾಸಿಕದಿಂದ. ನೀವು ಎಲ್ಲಕ್ಕಿಂತ ಜಾಸ್ತಿ ಹೆದರಿದ ಹೆಸರೇ ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಸುಲಭದ್ದು. ‘ಅಙ್’ ಅಂತ ಮೂಗಿನಲ್ಲಿ ಗುನುಗುತ್ತಾ ‘ಟೊಕ್’ ಅನ್ನಿ, ಹಾಗೇ ‘ಓಬೀಲೆ’ಗೆ ಜಾರಿ. ಆಮೇಲೆ ನೊಮ್।ಏಬೊ. ಅಲ್ಲಿ ‘ಮ್’ ಗುನುಗು ಮೊದಲೇ ಇದೆ, ಅದರ ಮೇಲೆ ಲೊಚಗುಟ್ಟಿದರಾಯಿತು. ॥ಓಲಾನಿ, !ಇನೀಸೊ ಮುಂದಿನ ತಿಂಗಳಿಗೆ ಇರಲಿ.

ಒಂದು ವಾರ ಮನೆಯಲ್ಲಿ ಅಭ್ಯಾಸ ಮಾಡಿ. ಆಮೇಲೆ ಬಿಡುವಿನ ವೇಳೆಯಲ್ಲಿ ಅವಳನ್ನು ಕರೆದು ‘ನಿನ್ನ ಹೆಸರು ಒಂದು ಸಲ ನಿಧಾನಕ್ಕೆ ಹೇಳಮ್ಮ’ ಅನ್ನಿ. ಎಲ್ಲರ ಎದುರು ಬೇಡ, ಮಕ್ಕಳು ನಕ್ಕರೆ ಅವಳಿಗೇ ಮುಜುಗರ. ಅವಳು ಹೇಳಿದ್ದನ್ನು ಕೇಳಿ, ನೀವು ಹೇಳಿ. ‘ಪರವಾಗಿಲ್ಲವಾ’ ಅಂತ ಕೇಳಬೇಡಿ. ‘ಎಲ್ಲಿ ತಿದ್ದಬೇಕು’ ಅಂತ ಕೇಳಿ. ಆಗ ಅವಳು ತೋರಿಸಿಕೊಡುತ್ತಾಳೆ.